ಹಣ್ಣೆಲೆಯ ಚರಿತ್ರೆ

ಆಶ್ವಯುಜದಲ್ಲಿ ತುಮಕೂರು ಜಿಲ್ಲೆಯ ತುರುವೇಕೆರೆಯ ಕಡೆ ಬಂದು ನೋಡಿ. ಕೆರೆಗಳಿಗೆ ಒಂದಿಷ್ಟು ನೀರು ಬಂದಿರುತ್ತದೆ, ಹೊಲದಲ್ಲಿ ರಾಗಿ ತೆನೆಗೆ ಬರುತ್ತಿರುತ್ತದೆ, ಬದುಗಳ ಮೇಲಿನ ಹೊಂಗೆ ಕಡುಹಸಿರಾಗಿ ಕೊಬ್ಬಿ ನಿಂತಿರುತ್ತದೆ. ಪಂಚಾಂಗದ ಲೆಕ್ಕಕ್ಕೆ ಇದು ಶರದೃತು. ಇದೇ ಹೊತ್ತಿನಲ್ಲಿ ಶಾಲೆಯ ಮಗು ಜಗಲಿಯ ಮೇಲೆ ಕೂತು, ಶರತ್ಕಾಲದಲ್ಲಿ ಮರಗಳ ಎಲೆಗಳು ಕೆಂಪು ಹಳದಿಯಾಗಿ ಉದುರುತ್ತವೆ ಎಂದು ಓದುತ್ತಿರುತ್ತದೆ. ತಲೆ ಎತ್ತಿ ನೋಡಿದರೆ ಒಂದು ಮರವೂ ಅದರ ಮಾತು ಕೇಳುತ್ತಿಲ್ಲ. ಯುರೋಪಿನ ‘ಆಟಮ್’ ಎಂಬ ಕಾಲಕ್ಕೆ ಯಾರೋ ಎಂದೋ ಶರತ್ಕಾಲ ಎಂಬ ಹೆಸರು ಕೊಟ್ಟರು. ಅಂದಿನಿಂದ ಅಲ್ಲಿನ ಮರಗಳ ದಿನಚರಿ ನಮ್ಮ ಪಂಚಾಂಗದೊಳಗೆ ಬಂದು ಕೂತಿದೆ.

ನಮ್ಮಲ್ಲಿ ಎಲೆ ಉದುರುವುದು ಸಂಕ್ರಾಂತಿ ಕಳೆದ ಮೇಲೆ. ಮಾಘ, ಫಾಲ್ಗುಣ. ಅದು ಶಿಶಿರ. ಬೂರುಗ ಅದಕ್ಕೂ ಮೊದಲೇ ಬೋಳಾಗಿರುತ್ತದೆ. ಆಮೇಲೆ ಅರಳಿ, ಹೊಂಗೆ, ಬೇವು, ಇಪ್ಪೆ ಒಂದರ ಹಿಂದೆ ಒಂದು ಉದುರಿಸತೊಡಗುತ್ತವೆ. ಬೆಳಗಿನ ಗಾಳಿಗೆ ಹೊಂಗೆಯ ಹಳದಿ ಎಲೆ ಕಾಲುದಾರಿಯ ತುಂಬ ಬಿದ್ದಿರುತ್ತದೆ. ಮುತ್ತುಗ ಎಲೆ ಕಳಚಿ ಮೈಯೆಲ್ಲ ಹೂವಾಗುತ್ತದೆ. ಇಷ್ಟೆಲ್ಲದರ ನಡುವೆ ತೆಂಗು ಮಾತ್ರ ತನ್ನ ಪಾಡಿಗೆ ತಾನು ಹಸಿರಾಗಿ ನಿಂತಿರುತ್ತದೆ. ಒಂದೇ ಮಣ್ಣಿನಲ್ಲಿ, ಒಂದೇ ಬಿಸಿಲಿನಲ್ಲಿ ಎರಡು ಬಗೆಯ ಬಾಳು.

ಉದುರುವ ಎಲೆಗೆ ಕನ್ನಡ ಕೊಟ್ಟಿರುವ ಹೆಸರು ಹಣ್ಣೆಲೆ. ಸತ್ತ ಎಲೆ ಎನ್ನುವುದಿಲ್ಲ, ಒಣಗಿದ ಎಲೆ ಎನ್ನುವುದೂ ಆಮೇಲೆ. ಬಿದ್ದು ಒಣಗಿದ ಮೇಲಷ್ಟೇ ಅದು ತರಗೆಲೆ. ಮರದಲ್ಲಿರುವಾಗ ಅದು ಹಣ್ಣಾದ ಎಲೆ. ಈ ಒಂದು ಶಬ್ದದಲ್ಲಿರುವ ತಿಳಿವಳಿಕೆಯನ್ನು ಪ್ರಯೋಗಶಾಲೆಯಲ್ಲಿ ತೋರಿಸಿಕೊಡಲು ಜಗತ್ತಿನ ವಿಜ್ಞಾನಕ್ಕೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಆ ಕತೆಯನ್ನು ತುರುವೇಕೆರೆಯ ಹೊಂಗೆಯ ಕೆಳಗೆ ನಿಂತು ಹೇಳುವುದೇ ಸರಿ ಎಂದು ನನಗೆ ಅನ್ನಿಸಿದೆ.

1799ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದ. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ ಈ ನಾಡಿನಲ್ಲಿ ಏನು ಬೆಳೆಯುತ್ತದೆ, ಯಾರು ಬೆಳೆಯುತ್ತಾರೆ, ಎಷ್ಟು ಸಿಕ್ಕುತ್ತದೆ ಎಂದು ತಿಳಿದು ಬರಲು ಒಬ್ಬ ವೈದ್ಯನನ್ನು ಕಳಿಸಿದ. ಆತ ಫ್ರಾನ್ಸಿಸ್ ಬುಕಾನನ್. ಸ್ಕಾಟ್ಲೆಂಡಿನವನು, ಎಡಿನ್‌ಬರೋದಲ್ಲಿ ಸಸ್ಯಶಾಸ್ತ್ರ ಕಲಿತವನು. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು ಆ ಮಳೆಗಾಲದಲ್ಲಿ ತುಮಕೂರು, ಗುಬ್ಬಿ, ಚಿಕ್ಕನಾಯಕನಹಳ್ಳಿಯ ಸೀಮೆಯನ್ನು ಹಾದುಹೋದ. ಅವನ ಪ್ರವಾಸದ ದಾಖಲೆ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ತೆಂಗಿನ ತೋಟ, ಕೊಬ್ಬರಿ, ಸಂತೆ, ತೆರಿಗೆ ಎಲ್ಲವೂ ಅದರಲ್ಲಿ ಬರುತ್ತವೆ. ಮೈಸೂರು ಸೀಮೆಯ ರೈತರು ಭತ್ತದ ಗದ್ದೆಗೆ ಹಸಿ ಸೊಪ್ಪನ್ನು ತಂದು ಹಾಕಿ ಕೆಸರಿನಲ್ಲಿ ತುಳಿಯುವುದನ್ನೂ ಆತ ಗಮನವಿಟ್ಟು ಬರೆದಿದ್ದಾನೆ.

ಆ ಕಾಲಕ್ಕೆ ಎಲೆಯೆಂದರೆ ಗೊಬ್ಬರ, ಎಲೆಯೆಂದರೆ ಸೂರು. ತುರುವೇಕೆರೆ ಎಂಬ ಹೆಸರಿನಲ್ಲೇ ತುರುವಿದೆ, ಕೆರೆಯಿದೆ. ಈ ಎರಡರ ನಡುವಿನ ಕೊಂಡಿ ಎಲೆಯೇ. ಕೊಟ್ಟಿಗೆಯಲ್ಲಿ ದನದ ಕಾಲಡಿ ತರಗೆಲೆ ಹಾಸುತ್ತಿದ್ದರು. ಅದು ಗಂಜಲ ಕುಡಿದು ತಿಪ್ಪೆ ಸೇರಿ, ತಿಪ್ಪೆಯಿಂದ ಗದ್ದೆಗೆ ಹೋಗುತ್ತಿತ್ತು. ಹೊಂಗೆಯ ಸೊಪ್ಪು ಕೆಸರುಗದ್ದೆಗೆ, ತೆಂಗಿನ ಗರಿ ಮನೆಯ ಮಾಡಿಗೆ, ಗರಿಯ ಕಡ್ಡಿ ಪೊರಕೆಗೆ, ಮಟ್ಟೆ ಒಲೆಗೆ. ಮದುವೆ ಬಂತೆಂದರೆ ಹಸಿ ಗರಿಯ ಚಪ್ಪರ. ಆದರೆ ಎಲೆ ಯಾಕೆ ಹಣ್ಣಾಗುತ್ತದೆ ಎಂದು ಬುಕಾನನ್ ಕೇಳಲಿಲ್ಲ. ಕೇಳಿದ್ದರೂ ಅವನು ಕಲಿತ ವಿದ್ಯೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಎಲೆಯ ಹಸಿರಿಗೆ ಆಗಿನ್ನೂ ಒಂದು ಹೆಸರೂ ಇರಲಿಲ್ಲ.

ಹೆಸರು ಸಿಕ್ಕಿದ್ದು 1817ರ ಸುಮಾರಿಗೆ, ಪ್ಯಾರಿಸ್ಸಿನಲ್ಲಿ. ಪೆಲ್ಲೆತಿಯೇ ಮತ್ತು ಕಾವೆಂತೂ ಎಂಬ ಇಬ್ಬರು ಔಷಧ ತಯಾರಕರು ಎಲೆಯ ಹಸಿರನ್ನು ಬೇರೆ ಮಾಡಿ ತೆಗೆದು, ಗ್ರೀಕ್ ಶಬ್ದಗಳಿಂದ ಅದನ್ನು ಕ್ಲೋರೋಫಿಲ್ ಎಂದು ಕರೆದರು. ನಾವು ಅದನ್ನು ಪತ್ರಹರಿತ್ತು ಎನ್ನುತ್ತೇವೆ. ಇದೇ ಜೋಡಿ 1820ರಲ್ಲಿ ಸಿಂಕೋನ ಮರದ ತೊಗಟೆಯಿಂದ ಕ್ವಿನೈನ್ ತೆಗೆದರು. ಮಲೇರಿಯಾದಿಂದ ನರಳಿದ ನಮ್ಮ ಮಲೆನಾಡಿನ ಎಷ್ಟು ಮನೆಗಳನ್ನು ಆ ಕಹಿ ಪುಡಿ ಉಳಿಸಿತು ಎಂದು ನೆನೆದರೆ, ಈ ಇಬ್ಬರ ಹೆಸರು ನಮಗೆ ಇನ್ನಷ್ಟು ಪರಿಚಿತವಾಗಿರಬೇಕಿತ್ತು.

ಹಸಿರಿಗೆ ಹೆಸರಾಯಿತು. ಹಳದಿ ಎಲ್ಲಿಂದ ಬಂತು? 1831ರಲ್ಲಿ ವಾಕೆನ್‌ರೋಡರ್ ಎಂಬ ಜರ್ಮನ್ ವಿಜ್ಞಾನಿ ಗಜ್ಜರಿಯಿಂದ ಒಂದು ಬಣ್ಣ ತೆಗೆದು ಕ್ಯಾರೊಟೀನ್ ಎಂದ. 1835ರಲ್ಲಿ ಮಾರ್ಕ್ವಾರ್ಟ್ ಎಂಬವನು ಹೂಗಳ ನೀಲಿಗೆ ಆಂಥೊಸಯಾನಿನ್ ಎಂಬ ಹೆಸರಿನ ಮೂಲರೂಪ ಕೊಟ್ಟ. 1837ರಲ್ಲಿ ಸ್ವೀಡನ್ನಿನ ಬರ್ಸೀಲಿಯಸ್ ಉದುರುವ ಎಲೆಗಳ ಹಳದಿಗೆ ಕ್ಸಾಂಥೊಫಿಲ್ ಎಂದು ಹೆಸರಿಟ್ಟ. ಹೆಸರುಗಳೇನೋ ಬಂದವು. ಆದರೆ ಹಸಿರೇ ಕೆಟ್ಟು ಹಳದಿಯಾಗುತ್ತದೆಯೋ, ಹಳದಿ ಮೊದಲಿಂದಲೂ ಒಳಗೇ ಇತ್ತೋ ಎಂಬುದು ತೀರ್ಮಾನವಾಗದೆ ದಶಕಗಳು ಕಳೆದವು.

ತೀರ್ಮಾನ ಕೊಟ್ಟವನು ಮಿಖಾಯಿಲ್ ತ್ಸ್ವೆತ್. ರಷ್ಯನ್ ಭಾಷೆಯಲ್ಲಿ ಅವನ ಹೆಸರಿಗೆ ಬಣ್ಣ ಎಂದೇ ಅರ್ಥ. 1903ರಲ್ಲಿ ವಾರ್ಸಾದಲ್ಲಿ ಅವನು ಗಾಜಿನ ಕೊಳವೆಯಲ್ಲಿ ಸೀಮೆಸುಣ್ಣದ ಪುಡಿ ಗಟ್ಟಿಯಾಗಿ ತುಂಬಿ, ಮೇಲಿಂದ ಎಲೆಯ ರಸ ಇಳಿಬಿಡುವ ವಿಧಾನವನ್ನು ವಿವರಿಸಿದ. ರಸ ಇಳಿಯುತ್ತ ಹೋದಂತೆ ಬಣ್ಣಗಳು ಬೇರೆಬೇರೆ ಪಟ್ಟೆಗಳಾಗಿ ನಿಂತವು. ಹಸಿರಿನಲ್ಲಿ ಎರಡು ಪಟ್ಟೆ, ಹಳದಿಯಲ್ಲಿ ಹಲವು. ಹಚ್ಚಹಸಿರಾದ ಎಲೆಯಲ್ಲೇ ಹಳದಿ ಅಡಗಿತ್ತು. ಹಸಿರು ತೆರೆ ಸರಿದಾಗ ಅದು ಕಂಡಿತು, ಅಷ್ಟೆ. ಇದನ್ನು ನೋಡಲು ವಾರ್ಸಾಗೆ ಹೋಗಬೇಕಿಲ್ಲ. ಯಾವುದಾದರೂ ಹಸಿರು ಎಲೆಯನ್ನು ಅರೆದು ಸ್ಪಿರಿಟ್‌ನಲ್ಲಿ ಕಲಸಿ, ಅದರಲ್ಲಿ ಒಂದು ಸೀಮೆಸುಣ್ಣದ ಕಡ್ಡಿ ನಿಲ್ಲಿಸಿದರೆ ಸಾಕು. ಸ್ವಲ್ಪ ಹೊತ್ತಿಗೆ ಕಡ್ಡಿಯ ಮೇಲೆ ಹಸಿರೂ ಹಳದಿಯೂ ಬೇರ್ಪಟ್ಟು ಏರುವುದು ಕಾಣುತ್ತದೆ. ಹಳ್ಳಿಶಾಲೆಯ ಮೇಷ್ಟರು ಯಾರಾದರೂ ಇದನ್ನು ಮಾಡಿ ತೋರಿಸಿದರೆ ಆ ಮಕ್ಕಳು ಜೀವಮಾನದಲ್ಲಿ ಮರೆಯುವುದಿಲ್ಲ.

ಕೆಂಪಿನ ಕತೆ ಬೇರೆ. ಅದು ಒಳಗೆ ಅಡಗಿ ಕೂತ ಬಣ್ಣವಲ್ಲ, ಎಲೆ ಹೊಸದಾಗಿ ಮಾಡಿಕೊಳ್ಳುವ ಆಂಥೊಸಯಾನಿನ್ ಬಣ್ಣ. ಉದುರುವ ಮುನ್ನ ಕೆಂಪಾಗುವ ಮರ ನಮ್ಮ ಊರುಗಳಲ್ಲಿ ಕಾಡುಬಾದಾಮಿ. ಶಾಲೆಯ ಅಂಗಳದಲ್ಲೋ ಬಸ್‌ ನಿಲ್ದಾಣದ ಪಕ್ಕದಲ್ಲೋ ಅದರ ಅಗಲವಾದ ಎಲೆ ಕುಂಕುಮದ ಬಣ್ಣಕ್ಕೆ ತಿರುಗಿ ಬಿದ್ದಿರುತ್ತದೆ. ಉಳಿದಂತೆ ನಮ್ಮ ಮರಗಳಲ್ಲಿ ಕೆಂಪು ಕಾಣುವುದು ಹುಟ್ಟಿನಲ್ಲಿ. ಅರಳಿಯ ಚಿಗುರು ತಾಮ್ರದ ಬಣ್ಣ, ಮಾವಿನ ಚಿಗುರು ಕೆಂಗಂದು. ಯುರೋಪಿನ ಮರ ಎಲೆ ಉದುರಿಸುವಾಗ ತೋರಿಸುವ ಸಿಂಗಾರವನ್ನು ನಮ್ಮ ಮರ ಯುಗಾದಿಯ ಚಿಗುರಿನಲ್ಲಿ ತೋರಿಸುತ್ತದೆ. ಎಳೆಯ ಎಲೆಯನ್ನು ಬಿಸಿಲಿನಿಂದ ಕಾಯಲು ಈ ಕೆಂಪು ಇದೆ ಎನ್ನುವವರಿದ್ದಾರೆ, ಹುಳಗಳನ್ನು ದೂರವಿಡಲು ಎನ್ನುವವರಿದ್ದಾರೆ. ವಿಜ್ಞಾನಿಗಳ ನಡುವೆ ವಾದ ಇನ್ನೂ ನಡೆದಿದೆ.

ಬಣ್ಣದ ಕತೆ ಹೀಗೆ ಸಾಗುತ್ತಿದ್ದಾಗಲೇ ಉದುರುವಿಕೆಯ ಗುಟ್ಟನ್ನು ಇನ್ನೊಬ್ಬ ಹಿಡಿದಿದ್ದ. 1860ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಹ್ಯೂಗೋ ಫಾನ್ ಮೋಲ್ ಎಲೆಯ ತೊಟ್ಟಿನ ಬುಡವನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟ. ತೊಟ್ಟು ಕೊಂಬೆಯನ್ನು ಕೂಡುವಲ್ಲಿ ಸಣ್ಣ ಜೀವಕೋಶಗಳ ತೆಳುವಾದ ಒಂದು ಪದರ ಕಂಡಿತು. ಎಲೆ ಕಳಚುವುದು ಅಲ್ಲಿಯೇ, ಆ ಗೆರೆಯಲ್ಲೇ. ಕೋಶಗಳು ಒಂದನ್ನೊಂದು ಹಿಡಿದುಕೊಂಡಿರುವ ಅಂಟು ಕರಗುತ್ತದೆ, ಹಿಂದೆ ಉಳಿದ ಗಾಯವನ್ನು ಬೆಂಡಿನಂಥ ಪೊರೆ ಮುಚ್ಚುತ್ತದೆ. ಗಾಳಿ ಎಲೆಯನ್ನು ಕೀಳುವುದಿಲ್ಲ. ಮರವೇ ಬಿಡಿಸಿ ಇಟ್ಟಿದ್ದನ್ನು ಗಾಳಿ ಒಯ್ಯುತ್ತದೆ.

ಇದಕ್ಕೆ ಸಾಕ್ಷಿ ನಮ್ಮ ಮನೆಬಾಗಿಲಲ್ಲೇ ಇದೆ. ಹಬ್ಬಕ್ಕೆಂದು ಹಸಿಯಾಗಿ ಮುರಿದು ತಂದ ಮಾವಿನ ಸೊಪ್ಪಿನ ಕೊಂಬೆಯನ್ನು ಸೂರಿಗೆ ಸಿಕ್ಕಿಸಿ ನೋಡಿ. ಎಲೆ ಸುರುಟಿ, ಕಂದಾಗಿ, ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದರೂ ಕೊಂಬೆ ಬಿಟ್ಟು ಬೀಳುವುದಿಲ್ಲ. ಬೇಲಿಗೆ ಕಡಿದು ಹಾಕಿದ ಹೊಂಗೆಯ ಕೊಂಬೆಯೂ ಹಾಗೆಯೇ, ತಿಂಗಳುಗಟ್ಟಲೆ ತರಗನ್ನು ಹೊತ್ತುಕೊಂಡೇ ಇರುತ್ತದೆ. ಬದುಕಿರುವ ಕೊಂಬೆ ಮಾತ್ರ ಎಲೆ ಉದುರಿಸಬಲ್ಲದು. ಉದುರುವುದು ಸಾವಿನ ಲಕ್ಷಣ ಎಂದುಕೊಂಡಿದ್ದೇವೆ. ಅದು ಜೀವಂತ ಮರ ಮಾಡುವ ಕೆಲಸ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ.

ಫಾನ್ ಮೋಲ್ ಆ ಪದರವನ್ನು ಕಂಡ ಹದಿನಾರು ವರ್ಷಕ್ಕೆ ಮೈಸೂರು ಸೀಮೆಯಲ್ಲಿ ಮಳೆ ಹೋಯಿತು. 1876ರಿಂದ 78ರವರೆಗಿನ ಆ ಬರದಲ್ಲಿ ನಾಡು ನೆಲಕಚ್ಚಿತು. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರವಿದ್ದ ಸಂಸ್ಥಾನದ ಜನಸಂಖ್ಯೆ 1881ಕ್ಕೆ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಬೆಟ್ಟ ಹೊಲಗಳಲ್ಲಿ ಸಿಕ್ಕ ಸೊಪ್ಪು ಗೆಡ್ಡೆಗಳೇ ಅನೇಕರಿಗೆ ಕೊನೆಯ ಊಟವಾಯಿತು. ಬರವನ್ನು ಮನುಷ್ಯರ ಲೆಕ್ಕದಲ್ಲಿ ಬರೆದಿದ್ದಾರೆ, ಬರೆಯಲೇಬೇಕು. ಮರಗಳಿಗೂ ಬರಕ್ಕೊಂದು ಲೆಕ್ಕವಿದೆ. ನೀರಿಲ್ಲದ ದಿನಗಳಲ್ಲಿ ಎಲೆ ಎಂದರೆ ಖರ್ಚು. ಎಲೆಯ ಸಣ್ಣ ಸಣ್ಣ ಬಾಯಿಗಳಿಂದ ಹಗಲೆಲ್ಲ ನೀರು ಆವಿಯಾಗುತ್ತಿರುತ್ತದೆ. ಬೇರು ತರುವುದಕ್ಕಿಂತ ಎಲೆ ಕಳೆಯುವುದು ಹೆಚ್ಚಾದರೆ ಮರ ಉಳಿಯುವುದಿಲ್ಲ. ಆಗ ಎಲೆಯನ್ನು ಬಿಡುವುದೇ ಉಳಿವು.

ನಮ್ಮ ಎಲೆ ಉದುರುವಿಕೆಗೂ ಯುರೋಪಿನದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಲಂಡನ್ನಿನಲ್ಲಿ ಬೇಸಿಗೆಯ ದೀರ್ಘ ಹಗಲು ಹದಿನಾರೂವರೆ ಗಂಟೆ, ಚಳಿಗಾಲದ ಕಿರಿದಾದ ಹಗಲು ಎಂಟು ಗಂಟೆಗೂ ಕಡಿಮೆ. ಹಗಲು ಕುಗ್ಗಿದ್ದನ್ನು ತಿಳಿದೇ ಅಲ್ಲಿನ ಮರ, ಹಿಮ ಬೀಳುವ ಮೊದಲು ಎಲೆ ಕಳಚಲು ಅಣಿಯಾಗುತ್ತದೆ. ತುರುವೇಕೆರೆ ಇರುವುದು 13 ಡಿಗ್ರಿ ಉತ್ತರದಲ್ಲಿ. ಇಲ್ಲಿ ದೀರ್ಘವಾದ ಹಗಲಿಗೂ ಕಿರಿದಾದ ಹಗಲಿಗೂ ಒಂದೂವರೆ ಗಂಟೆಯ ಅಂತರ. ಹಿಮ ಇಲ್ಲವೇ ಇಲ್ಲ. ಇರುವುದು ವರ್ಷಕ್ಕೆ ಆರೇಳುನೂರು ಮಿಲಿಮೀಟರ್ ಮಳೆ, ಅದರಲ್ಲೂ ಮುಂಗಾರಿನ ಕೊನೆ ಹಿಂಗಾರಿನ ಮೊದಲಲ್ಲಿ ಬೀಳುವುದೇ ಹೆಚ್ಚು. ಕಾರ್ತಿಕ ಕಳೆದರೆ ಆಕಾಶ ಬಾಗಿಲು ಹಾಕಿಕೊಳ್ಳುತ್ತದೆ. ಮಣ್ಣಿನ ತೇವ ಆರುತ್ತ ಆರುತ್ತ ಮಾಘಕ್ಕೆ ಬರುವ ಹೊತ್ತಿಗೆ ಮರ ಲೆಕ್ಕ ಮುಗಿಸುತ್ತದೆ. ಅಲ್ಲಿ ಚಳಿಗೆ ಉದುರುವ ಎಲೆ, ಇಲ್ಲಿ ನೀರಡಿಕೆಗೆ ಉದುರುತ್ತದೆ. 1936ರಲ್ಲಿ ಅರಣ್ಯಶಾಸ್ತ್ರಜ್ಞ ಚಾಂಪಿಯನ್ ಭಾರತದ ಕಾಡುಗಳನ್ನು ವಿಂಗಡಿಸಿದಾಗ ನಮ್ಮ ಬಯಲುಸೀಮೆಯ ಬಹುಪಾಲು ಕಾಡಿನಂಥವಕ್ಕೆ ಒಣ ಎಲೆಯುದುರುವ ಕಾಡು ಎಂಬ ಅರ್ಥದ ಹೆಸರು ಕೊಟ್ಟದ್ದು ಇದನ್ನು ಕಂಡೇ. ಆದರೆ ಮಳೆಗೆ ಇನ್ನೂ ಎರಡು ಮೂರು ತಿಂಗಳಿರುವಾಗಲೇ, ಉರಿಬಿಸಿಲಿನಲ್ಲಿ ಹೊಂಗೆ ಚಿಗುರುತ್ತದಲ್ಲ, ಅದು ಹೇಗೆ? ಎಲೆ ಉದುರಿಸಿದಾಗ ಮರದ ಮೈಯಲ್ಲಿ ಉಳಿದ ನೀರು, ಆಳದ ಬೇರಿಗೆ ಸಿಕ್ಕ ತೇವ, ಇವೆರಡೇ ಅದಕ್ಕೆ ಬಂಡವಾಳ.

ಇನ್ನು ಹಣ್ಣಿನ ವಿಷಯಕ್ಕೆ ಬರೋಣ. ಹತ್ತೊಂಬತ್ತನೇ ಶತಮಾನದ ಯುರೋಪಿನ ಬೀದಿಗಳಲ್ಲಿ ಕಲ್ಲಿದ್ದಲಿನ ಅನಿಲದಿಂದ ದೀಪ ಉರಿಯುತ್ತಿತ್ತು. ನೆಲದಡಿಯ ಕೊಳವೆ ಸೋರಿದ ಕಡೆ ಬೀದಿಬದಿಯ ಮರಗಳು ಅಕಾಲದಲ್ಲಿ ಎಲೆ ಉದುರಿಸಿದವು. 1864ರಲ್ಲೇ ಇದು ದಾಖಲಾಯಿತು. 1901ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವಿದ್ಯಾರ್ಥಿ ದಿಮಿತ್ರಿ ನೆಲ್ಯುಬೊವ್, ಪ್ರಯೋಗಶಾಲೆಯ ಬಟಾಣಿ ಸಸಿಗಳು ಯಾಕೆ ಸೊಟ್ಟಗೆ ಬೆಳೆಯುತ್ತಿವೆ ಎಂದು ಹುಡುಕುತ್ತ ಹೋಗಿ, ದೀಪದ ಅನಿಲದಲ್ಲಿದ್ದ ಎಥಿಲೀನ್ ಇದಕ್ಕೆ ಕಾರಣ ಎಂದು ತೋರಿಸಿದ. 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ಹಣ್ಣಾಗುವ ಸೇಬು ತಾನೇ ಎಥಿಲೀನ್ ಬಿಡುತ್ತದೆ ಎಂದು ಸಾಬೀತುಪಡಿಸಿದ. ಕಾಯಿ ಹಣ್ಣು ಮಾಡುವ ಅನಿಲವೇ ಎಲೆಯ ತೊಟ್ಟಿನ ಅಂಟನ್ನು ಕರಗಿಸುವ ಅನಿಲ ಕೂಡ.

ಬಾಳೆಗೊನೆಯನ್ನು ಗುಂಡಿಯಲ್ಲಿಟ್ಟು, ಬಾಯಿ ಮುಚ್ಚಿ, ಹೊಗೆ ಹಾಕಿ ಹಣ್ಣು ಮಾಡುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ಆ ಹೊಗೆಯಲ್ಲಿರುವುದೂ ಎಥಿಲೀನೇ. ಗೊನೆಯನ್ನು ಹಣ್ಣು ಮಾಡಬಲ್ಲವರು ಎಲೆಯನ್ನೂ ಹಣ್ಣು ಎಂದೇ ಕರೆದರು. ರಸಾಯನ ತಿಳಿದು ಇಟ್ಟ ಹೆಸರು ಇದು ಎಂದು ನಾನು ಹೇಳಲಾರೆ. ಹಸಿರು ಹೋಗಿ ಹಳದಿ ಬರುವುದು, ತೊಟ್ಟು ಸಡಿಲವಾಗುವುದು, ಮುಟ್ಟಿದರೆ ಕಳಚಿ ಬರುವುದು, ಈ ಮೂರನ್ನೂ ಕಾಯಿಯಲ್ಲೂ ಎಲೆಯಲ್ಲೂ ಒಂದೇ ಕಣ್ಣಿನಿಂದ ನೋಡಿದವರು ಇಟ್ಟ ಹೆಸರು. ಕಣ್ಣು ಸರಿಯಾಗಿತ್ತು.

1963ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಡಿಕಾಟ್ ಮತ್ತು ಜೊತೆಗಾರರು ಉದುರುವ ಹತ್ತಿಕಾಯಿಗಳಿಂದ ಇನ್ನೊಂದು ವಸ್ತುವನ್ನು ತೆಗೆದರು. ಉದುರಿಸುವ ವಸ್ತು ಸಿಕ್ಕಿತೆಂದು ಅದಕ್ಕೆ ಆ ಅರ್ಥದ ಹೆಸರನ್ನೇ ಇಟ್ಟರು. ಅಬ್ಸಿಸಿಕ್ ಆಮ್ಲ ಎಂಬ ಈಗಿನ ಹೆಸರು ಅದರಿಂದಲೇ ಬಂದದ್ದು. ಮುಂದೆ ತಿಳಿದದ್ದು ಬೇರೆ: ಉದುರಿಸುವ ಮುಖ್ಯ ಕೆಲಸ ಎಥಿಲೀನಿನದು, ಈ ಆಮ್ಲ ಬರಗಾಲದಲ್ಲಿ ಎಲೆಯ ಬಾಯಿಗಳನ್ನು ಮುಚ್ಚಿಸುವ ಕಾವಲುಗಾರ. ಮಣ್ಣು ಒಣಗಿತೆಂಬ ಸುದ್ದಿಗೆ ಗಿಡ ಕೊಡುವ ಉತ್ತರದಲ್ಲಿ ಅದೇ ಮುಂದೆ ನಿಲ್ಲುತ್ತದೆ. ನಮ್ಮ ಸೀಮೆಗೆ ಇದು ಇನ್ನೂ ಹತ್ತಿರದ ಸಂಗತಿ.

ಎಲೆಯನ್ನು ಬಿಡುವ ಮುನ್ನ ಮರ ಅದರಿಂದ ವಾಪಸು ಪಡೆಯುವುದನ್ನೂ ಹೇಳಬೇಕು. ಪತ್ರಹರಿತ್ತಿನ ಸುತ್ತ ಇರುವ ಪ್ರೋಟೀನುಗಳಲ್ಲಿ ಸಾರಜನಕ ತುಂಬಿದೆ. ಹಸಿರನ್ನು ಕಳಚಿ, ಪ್ರೋಟೀನುಗಳನ್ನು ಒಡೆದು, ಸಾರಜನಕ ರಂಜಕಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಮರ ಕೊಂಬೆಗೆ ಎಳೆದುಕೊಳ್ಳುತ್ತದೆ. ಹಸಿರನ್ನು ಹಾಗೇ ಬಿಟ್ಟು ಉಳಿದದ್ದನ್ನು ಎಳೆದುಕೊಳ್ಳುವಂತಿಲ್ಲ, ಒಂಟಿಯಾದ ಪತ್ರಹರಿತ್ತು ಬಿಸಿಲು ಕುಡಿದು ಎಲೆಯನ್ನೇ ಸುಡುತ್ತದೆ. ಆದ್ದರಿಂದ ಅದನ್ನು ಮೊದಲು ನಿರಪಾಯ ಮಾಡಬೇಕು. ಒಡೆದ ಪತ್ರಹರಿತ್ತು ಎಲ್ಲಿಗೆ ಹೋಗುತ್ತದೆ ಎಂಬುದು 1991ರವರೆಗೂ ಒಗಟಾಗಿತ್ತು. ಆ ವರ್ಷ ಸ್ವಿಟ್ಜರ್ಲೆಂಡಿನ ಕ್ರಾಯ್ಟ್ಲರ್, ಮಾಟಿಲ್ ಮತ್ತಿತರರು ಬಾರ್ಲಿಯ ಎಲೆಯಲ್ಲಿ ಅದರ ಅವಶೇಷವನ್ನು ಹಿಡಿದರು. ಅಷ್ಟು ದಿನ ಯಾರಿಗೂ ಕಾಣದಿದ್ದಕ್ಕೆ ಕಾರಣ, ಅದಕ್ಕೆ ಬಣ್ಣವೇ ಇರಲಿಲ್ಲ. ಉದುರಿದ ಹೊಂಗೆಯ ಎಲೆ ಬಡಕಲಾಗಿ, ಹಗುರಾಗಿ ಇರುವುದು ಇದಕ್ಕೇ. ಗದ್ದೆ ತುಳಿಯಲು ನಮ್ಮವರು ತರಗನ್ನು ಬಿಟ್ಟು ಹಸಿ ಸೊಪ್ಪನ್ನೇ ಕಡಿದು ತರುತ್ತಿದ್ದದ್ದೂ ಇದಕ್ಕೇ. ಸತ್ವ ಇರುವುದು ಹಸಿರಿನಲ್ಲಿ ಎಂದು ಅವರಿಗೆ ಗೊತ್ತಿತ್ತು. ತರಗೆಲೆಯ ಜಾಗ ಕೊಟ್ಟಿಗೆ ಮತ್ತು ಮರದ ಬುಡ.

ತೆಂಗಿಗೆ ಈ ಋತುಮಾನದ ಲೆಕ್ಕ ಇಲ್ಲ. ಅದು ಸಮುದ್ರತೀರದ ಮರ, ವರ್ಷವಿಡೀ ಬೇರಿಗೆ ನೀರು ಸಿಗುವ ಜಾಗದ್ದು. ಹೊಂಗೆಯ ಮೈಯಲ್ಲಿ ಸಾವಿರಾರು ಮೊಗ್ಗುಗಳಿವೆ. ಎಲೆಯೆಲ್ಲ ಬಿಟ್ಟರೂ ಮತ್ತೆ ಎಲ್ಲಿಂದಲಾದರೂ ಚಿಗುರೀತು. ತೆಂಗಿಗೆ ಇರುವುದು ಒಂದೇ ಸುಳಿ. ಅದು ನಿಂತರೆ ಮರವೇ ನಿಂತಂತೆ. ಹೀಗಾಗಿ ಅದು ತಿಂಗಳಿಗೆ ಒಂದರಂತೆ ಗರಿ ಬಿಚ್ಚುತ್ತದೆ, ತಿಂಗಳಿಗೆ ಒಂದರಂತೆ ತಳದ ಗರಿ ಹಣ್ಣಾಗಿ ಜೋತುಬಿದ್ದು ಕಳಚುತ್ತದೆ. ತಲೆಯ ಮೇಲೆ ಸದಾ ಮೂವತ್ತು ಮೂವತ್ತೈದು ಗರಿ. ಬಿಚ್ಚಿದ ಗರಿ ಎರಡೂವರೆ ಮೂರು ವರ್ಷ ಬಾಳುತ್ತದೆ. ಬಿದ್ದ ಪ್ರತಿ ಗರಿಯೂ ಬೊಡ್ಡೆಯ ಮೇಲೆ ಒಂದು ಉಂಗುರದ ಗುರುತು ಬಿಡುತ್ತದೆ. ಮರದ ವಯಸ್ಸು ಅಂದಾಜಿಸುವವರು ಎಣಿಸುವುದು ಈ ಗುರುತುಗಳನ್ನೇ. 1916ರಲ್ಲಿ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾದ ಮೇಲೆ ಇಂಥ ಲೆಕ್ಕಗಳು ಒಂದೊಂದಾಗಿ ಪುಸ್ತಕಕ್ಕೆ ಬಂದವು. ಹೊಂಬಾಳೆ ಒಡೆಯುವ ಸುಮಾರು 32 ತಿಂಗಳು ಮೊದಲೇ ಅದರ ಮೊಳಕೆ ಸುಳಿಯೊಳಗೆ ರೂಪುಗೊಂಡಿರುತ್ತದೆ, ಆಮೇಲೆ ಕಾಯಿ ಬಲಿಯಲು ಮತ್ತೊಂದು ವರ್ಷ.

ಈ ಲೆಕ್ಕದ ಅರ್ಥ ನಮ್ಮ ಮೂರು ತಾಲ್ಲೂಕುಗಳಿಗೆ 2016-17ರ ಬರದಲ್ಲಿ ಮನದಟ್ಟಾಯಿತು. ಕೊಳವೆಬಾವಿಗಳು ಬತ್ತಿದವು. ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆಯ ತೋಟಗಳಲ್ಲಿ ಗರಿಗಳು ಕಾಲಕ್ಕೆ ಮೊದಲೇ ಹಳದಿಯಾಗಿ, ಮುರಿದ ಕೊಡೆಯಂತೆ ಬೊಡ್ಡೆಗೆ ಅಂಟಿ ಜೋತವು. ಎಲೆ ಬಿಟ್ಟು ಜೀವ ಉಳಿಸಿಕೊಳ್ಳುವ ಹೊಂಗೆಯ ವಿದ್ಯೆ ತೆಂಗಿಗೆ ಬರುವುದಿಲ್ಲ. ಸುಳಿ ಒಣಗಿದ ಮರಗಳು ಬರೀ ಕಂಬಗಳಾಗಿ ನಿಂತವು. ಉಳಿದ ಮರಗಳಲ್ಲೂ ಕಾಯಿ ಕಡಿಮೆಯಾದದ್ದು ಮಳೆ ಬಂದ ಮೇಲಿನ ವರ್ಷಗಳಲ್ಲಿ. ಬರದಲ್ಲಿ ಸುಳಿಯೊಳಗೇ ಸೊರಗಿದ ಹೊಂಬಾಳೆ ಹೊರಬರಬೇಕಾದದ್ದು ಆಗಲೇ. ಅದೇ ಬದುಗಳ ಹೊಂಗೆ, ಬೇವು ಮಾಘದಲ್ಲಿ ಉದುರಿಸಿ ಯುಗಾದಿಗೆ ಎಂದಿನಂತೆ ಚಿಗುರಿದ್ದನ್ನು ಆ ವರ್ಷ ಎಲ್ಲರೂ ಕಂಡರು. ತೋಟದ ಬದುವಿನಲ್ಲಿ ಹೊಂಗೆ ಬೆಳೆಸಿ, ಅದರ ಸೊಪ್ಪು ತರಗುಗಳನ್ನು ತೆಂಗಿನ ಬುಡಕ್ಕೆ ಹೊದಿಸುತ್ತಿದ್ದ ಹಿಂದಿನವರ ಪದ್ಧತಿ ಎರಡು ಮರಗಳ ಈ ಸ್ವಭಾವವನ್ನು ಬಲ್ಲವರದ್ದು. ನೀರು ಉಳಿಸಲು ಒಂದು ಮರ ಬಿಟ್ಟ ಎಲೆ, ಎಲೆ ಬಿಡಲಾರದ ಇನ್ನೊಂದು ಮರದ ಬುಡದಲ್ಲಿ ತೇವ ಕಾಯುತ್ತಿತ್ತು.

ಈಗ ಆ ತರಗಿಗೆ ಬೆಂಕಿ ಇಡುವ ತೋಟಗಳೇ ದಾರಿಯುದ್ದಕ್ಕೂ ಕಾಣುತ್ತವೆ. ಬದುವಿನ ಹೊಂಗೆ ನೆರಳಾಗುತ್ತದೆ ಎಂದು ಕಡಿಸಿದವರೂ ಇದ್ದಾರೆ. ತೋಟದ ಯಜಮಾನರಲ್ಲಿ ನನ್ನ ಬೇಡಿಕೆ ಇಷ್ಟು: ಬರುವ ಮಾಘದಲ್ಲಿ ಕಡ್ಡಿ ಗೀರುವ ಮೊದಲು ಒಂದು ಹಣ್ಣೆಲೆ ಕೈಗೆ ತೆಗೆದುಕೊಳ್ಳಿ, ತೊಟ್ಟಿನ ತುದಿಯಲ್ಲಿರುವ ನುಣುಪಾದ ಗುರುತನ್ನು ಮನೆಯ ಮಕ್ಕಳಿಗೆ ತೋರಿಸಿ, ಆಮೇಲೆ ಆ ರಾಶಿಯನ್ನು ತೆಂಗಿನ ಬುಡಕ್ಕೆ ಎಳೆಯಿರಿ. ಪಠ್ಯಪುಸ್ತಕ ಬರೆಯುವವರಲ್ಲೂ ಒಂದು ಕೋರಿಕೆ ಇದೆ. ಕರ್ನಾಟಕದ ಬಯಲುಸೀಮೆಯಲ್ಲಿ ಎಲೆ ಉದುರುವುದು ಶಿಶಿರದಲ್ಲಿ. ಹಾಗೆಯೇ ಬರೆಯಿರಿ.